ಮರಳಿ ಬಂದ ಮನೆ: ಜಡ್ಸನ್ ದಂಪತಿಗಳ ಎರಡು ಸ್ವದೇಶ ಭೇಟಿಗಳು

ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತ್ಯದ ಬ್ರ್ಯಾಡ್‌ಫರ್ಡ್ ಎಂಬ ಊರಿನ ಜಾನ್ ಹ್ಯಾಸೆಲ್ಟೈನ್ ಅವರಿಗೆ, ಅವರ ಮಗಳ ಕೈಹಿಡಿಯಬಯಸಿದ ಯುವಕನೊಬ್ಬ ಬರೆದ ಪತ್ರ ಧರ್ಮಪ್ರಚಾರದ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಹೆಣ್ಣು ಕೇಳುವ ಪತ್ರಗಳಲ್ಲಿ ಸಾಮಾನ್ಯವಾಗಿ ಇರುವ ಭರವಸೆಯ ಮಾತು ಅದರಲ್ಲಿ ಒಂದೂ ಇರಲಿಲ್ಲ. ಬರುವ ವಸಂತದಲ್ಲಿ ಮಗಳನ್ನು ಬೀಳ್ಕೊಟ್ಟು, ಈ ಲೋಕದಲ್ಲಿ ಅವಳನ್ನು ಮತ್ತೆಂದೂ ಕಾಣದಿರಲು ತಾವು ಸಿದ್ಧರಿದ್ದೀರಾ ಎಂದು ಆತ ನೇರವಾಗಿ ಕೇಳಿದ್ದ. ಸಮುದ್ರದ ಅಪಾಯ, ಉಷ್ಣದೇಶದ ರೋಗ, ಬಡತನ, ಅಪಮಾನ, ಹಿಂಸೆ, ಪ್ರಾಯಶಃ ಘೋರ ಮರಣ, ಇವೆಲ್ಲವನ್ನೂ ಒಂದೊಂದಾಗಿ ಎಣಿಸಿದ್ದ. ತಂದೆ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ; ನಿರ್ಧಾರವನ್ನು ಮಗಳಿಗೇ ಬಿಟ್ಟರು. ಮಗಳು ಆ್ಯನ್ ಹ್ಯಾಸೆಲ್ಟೈನ್ ಒಪ್ಪಿದಳು. ಅಡೊನಿರಾಮ್ ಜಡ್ಸನ್ ಹಾಗೂ ಆ್ಯನ್ ಅವರ ವಿವಾಹ 1812ರ ಫೆಬ್ರವರಿ 5ರಂದು ನಡೆಯಿತು. ಮರುದಿನ ಸೇಲಂ ನಗರದಲ್ಲಿ ಅವರಿಗೆ ಬೋಧಕದೀಕ್ಷೆ. ಅದೇ ತಿಂಗಳ 19ರಂದು ‘ಕ್ಯಾರವಾನ್’ ಎಂಬ ಹಡಗು ಅವರನ್ನು ಹೊತ್ತು ಕಲ್ಕತ್ತೆಯತ್ತ ಹೊರಟಿತು.

ಆ ಪತ್ರವನ್ನು ನಾನು ಪ್ರತಿ ವರ್ಷವೂ ಗುರುಮಠದ ತರಗತಿಯಲ್ಲಿ ಪ್ರಸ್ತಾಪಿಸುತ್ತೇನೆ. ಸಹೋದರರು ಅದನ್ನು ಮೌನವಾಗಿ ಆಲಿಸುತ್ತಾರೆ, ಅನಂತರ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಫಾದರ್, ಅವರು ಮನೆಗೆ ಹೋಗಲೇ ಇಲ್ಲವೇ?’ ಹೋದರು ಎಂಬುದೇ ನಾನು ಇಲ್ಲಿ ಹೇಳಬಯಸುವ ಸಂಗತಿ. ಮೊದಲು ಪತ್ನಿಯೊಬ್ಬಳೇ ಹೋದಳು. ಇಪ್ಪತ್ತಮೂರು ವರ್ಷಗಳ ತರುವಾಯ ಪತಿ ಹೋದರು. ಆಗ ಅವರ ಜತೆಗಿದ್ದವಳು ಮತ್ತೊಬ್ಬ ಪತ್ನಿ, ಅವಳೂ ಅರ್ಧ ದಾರಿಯವರೆಗೆ ಮಾತ್ರ. ಹುತಾತ್ಮರ ಚರಿತ್ರೆಯಂತೆ ಬರೆಯಲಾದ ಜೀವನಚರಿತ್ರೆಗಳು ಈ ಭೇಟಿಗಳನ್ನು ವಿಶ್ರಾಂತಿಯ ಅಧ್ಯಾಯಗಳೆಂಬಂತೆ ಬೇಗನೆ ದಾಟಿಬಿಡುತ್ತವೆ. ನನಗೇನೋ ಸೆರೆಮನೆಯ ಅಧ್ಯಾಯಕ್ಕಿಂತ ಇವೇ ಹೆಚ್ಚು ಕಠಿಣವೆನಿಸಿವೆ.

ಶುಭಸಂದೇಶವನ್ನು ಸಾರಲು ಹೋದವರು ಕಳುಹಿಸಿದ ಸಭೆಗೆ ಹಿಂದಿರುಗುವುದು ಹೊಸ ಸಂಗತಿಯೇನಲ್ಲ. ಸಂತ ಪೌಲ ಹಾಗೂ ಬಾರ್ನಬರು ತಮ್ಮ ಮೊದಲ ಪ್ರಯಾಣವನ್ನು ಮುಗಿಸಿ ಅಂತಿಯೋಕ್ಯಕ್ಕೆ ಮರಳಿ, ದೇವರು ತಮ್ಮ ಮೂಲಕ ಮಾಡಿದ್ದನ್ನು ಸಭೆಗೆ ವರದಿ ಮಾಡಿ, ಬಹುಕಾಲ ಅಲ್ಲಿ ತಂಗಿದರೆಂದು ಪ್ರೇಷಿತರ ಕಾರ್ಯಕಲಾಪಗಳ 14ನೆಯ ಅಧ್ಯಾಯ ಹೇಳುತ್ತದೆ. ರೋಮಿನಿಂದ ಹೊರದೂಡಲ್ಪಟ್ಟು ಕೊರಿಂಥಕ್ಕೆ, ಅಲ್ಲಿಂದ ಎಫೆಸಕ್ಕೆ ಹೋದ ಅಕ್ವಿಲ ಹಾಗೂ ಪ್ರಿಸ್ಸಿಲ ದಂಪತಿಗಳು ಮತ್ತೆ ರೋಮಿನಲ್ಲಿ ಕಾಣಿಸಿಕೊಳ್ಳುತ್ತಾರೆ. ಆದರೆ ಜಡ್ಸನ್‌ರ ಪೀಳಿಗೆಗೆ ಇಂಥ ಮರಳುವಿಕೆಯ ಕಲ್ಪನೆಯೇ ಇರಲಿಲ್ಲ. ಅಮೆರಿಕದ ಮೊಟ್ಟಮೊದಲ ವಿದೇಶೀ ಪ್ರೇಷಿತ ಮಂಡಳಿ ಸ್ಥಾಪನೆಯಾದದ್ದೇ 1810ರಲ್ಲಿ. ಇಂತಿಷ್ಟು ವರ್ಷಗಳ ಸೇವೆಗೆ ಇಂತಿಷ್ಟು ತಿಂಗಳ ರಜೆ ಎಂಬ ನಿಯಮಗಳು ಬಹಳ ತಡವಾಗಿ ಬಂದವು. ಹೋಗುವುದೆಂದರೆ ಆಗ ಹೋಗಿಬಿಡುವುದೇ.

ಅದಕ್ಕಿಂತ ಮೊದಲೇ ಇನ್ನೊಂದು ಬಗೆಯಲ್ಲಿ ಅವರು ಮನೆಯನ್ನು ಕಳೆದುಕೊಂಡಿದ್ದರು. ಕಾಂಗ್ರಿಗೇಷನಲ್ ಸಭೆಗಳ ಹಣದಿಂದ ಹೊರಟ ಜಡ್ಸನ್ ಹಡಗಿನಲ್ಲಿ ಕುಳಿತು ಸ್ನಾನದೀಕ್ಷೆಯ ವಿಷಯವಾಗಿ ಧರ್ಮಗ್ರಂಥವನ್ನು ಅಭ್ಯಸಿಸತೊಡಗಿದರು. ಶಿಶುಗಳಿಗೆ ಸ್ನಾನದೀಕ್ಷೆ ಕೊಡುವುದು ಸರಿಯಲ್ಲವೆಂಬ ತೀರ್ಮಾನಕ್ಕೆ ಬಂದರು. ಆ ತೀರ್ಮಾನವನ್ನು ನಾವು ಒಪ್ಪುವುದಿಲ್ಲ; ಅದರ ಚರ್ಚೆಗೆ ಇದು ಸ್ಥಳವೂ ಅಲ್ಲ. ಗಮನಿಸಬೇಕಾದದ್ದು ಅದರ ಬೆಲೆಯನ್ನು. 1812ರ ಸೆಪ್ಟೆಂಬರ್ 6ರಂದು ಕಲ್ಕತ್ತೆಯಲ್ಲಿ ಪತಿ ಪತ್ನಿಯರಿಬ್ಬರೂ ಬ್ಯಾಪ್ಟಿಸ್ಟ್ ಕ್ರಮದಂತೆ ದೀಕ್ಷೆ ಪಡೆದಾಗ, ಅವರನ್ನು ಕಳುಹಿಸಿದ ಮಂಡಳಿಯೊಡನೆ ಅವರ ಸಂಬಂಧ ಮುಗಿಯಿತು. ಪರದೇಶದಲ್ಲಿ, ಕಂಪನಿ ಸರ್ಕಾರ ಹೊರಗಟ್ಟಲು ಕಾದಿದ್ದ ಹೊತ್ತಿನಲ್ಲಿ, ಅವರಿಗೆ ಊರಿನಲ್ಲಿ ತಮ್ಮವರೆನ್ನುವ ಸಭೆಯೇ ಇಲ್ಲವಾಯಿತು. ಅವರಂತೆಯೇ ಬ್ಯಾಪ್ಟಿಸ್ಟರಾದ ಸಂಗಡಿಗ ಲೂಥರ್ ರೈಸ್ ಹೊಸ ಆಸರೆಯನ್ನು ಹುಡುಕಲು 1813ರಲ್ಲಿ ಅಮೆರಿಕಕ್ಕೆ ಮರಳಿದರು. ಊರೂರು ತಿರುಗಿ ಬ್ಯಾಪ್ಟಿಸ್ಟರನ್ನು ಒಂದುಗೂಡಿಸಿ 1814ರಲ್ಲಿ ಫಿಲಡೆಲ್ಫಿಯದಲ್ಲಿ ಪ್ರೇಷಿತ ಸಮ್ಮೇಳನವೊಂದನ್ನು ಸ್ಥಾಪಿಸಲು ಕಾರಣರಾದರು. ಕೆಲಸ ಮುಗಿದೊಡನೆ ಬರ್ಮಾಕ್ಕೆ ಬರುವುದು ಅವರ ಸಂಕಲ್ಪವಾಗಿತ್ತು. ಕೆಲಸ ಮುಗಿಯಲೇ ಇಲ್ಲ. 1836ರಲ್ಲಿ ಅಮೆರಿಕದಲ್ಲಿಯೇ ತೀರಿಕೊಂಡರು. ಊರಿಗೆ ಹೋದವನನ್ನು ಊರು ಹಿಡಿದಿಟ್ಟುಕೊಳ್ಳುತ್ತದೆಂಬುದಕ್ಕೆ ಜಡ್ಸನ್‌ರ ಕಣ್ಣೆದುರಿಗೆ ಇದ್ದ ನಿದರ್ಶನ ಅದು.

ದಂಪತಿಗಳು ರಂಗೂನನ್ನು ಮುಟ್ಟಿದ್ದು 1813ರ ಜುಲೈ 13ರಂದು. ಆ ಪ್ರಯಾಣದಲ್ಲಿಯೇ ಅವರ ಮೊದಲ ಕೂಸು ಸತ್ತು ಹುಟ್ಟಿತ್ತು. ಎರಡನೆಯ ಮಗು ರಂಗೂನಿನಲ್ಲಿ ಎಂಟು ತಿಂಗಳು ಬದುಕಿ 1816ರಲ್ಲಿ ಹೋಯಿತು. ಮೊದಲ ಬರ್ಮೀಯ ವಿಶ್ವಾಸಿ ಮೌಂಗ್ ನೌ ಸ್ನಾನದೀಕ್ಷೆ ಪಡೆದದ್ದು 1819ರ ಜೂನ್ 27ರಂದು, ಅಂದರೆ ಅವರು ಬಂದು ಸುಮಾರು ಆರು ವರ್ಷಗಳಾದ ಮೇಲೆ. ಅಷ್ಟರಲ್ಲಿ ಆ್ಯನ್ ಬರ್ಮೀ ಭಾಷೆಯಲ್ಲಿ ನಿರರ್ಗಳವಾಗಿ ಮಾತನಾಡುತ್ತಿದ್ದಳು, ಸಯಾಮೀ ಭಾಷೆಯನ್ನು ಕಲಿತು ಮತ್ತಾಯನ ಶುಭಸಂದೇಶವನ್ನು ಅದಕ್ಕೆ ಅನುವಾದಿಸಿದ್ದಳು. ಆರೋಗ್ಯ ಮಾತ್ರ ಕೈಬಿಟ್ಟಿತ್ತು. 1821ರಲ್ಲಿ ಅವಳು ರಂಗೂನನ್ನು ಬಿಟ್ಟು ಕಲ್ಕತ್ತೆಗೂ, ಅಲ್ಲಿಂದ ಇಂಗ್ಲೆಂಡಿಗೂ ಹೋದಳು. ಪತಿ ಅನುವಾದದ ಕೆಲಸಕ್ಕಾಗಿ ಹಿಂದೆ ಉಳಿದರು. ಮತ್ತೆಂದೂ ಕಾಣೆನೆಂದು ಮನೆಯವರು ಬೀಳ್ಕೊಟ್ಟಿದ್ದ ಹೆಣ್ಣು 1822ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಬಂದರಿನಲ್ಲಿ ಇಳಿದಳು.

ಬ್ರ್ಯಾಡ್‌ಫರ್ಡಿನ ಮನೆಯಲ್ಲಿ ಅವಳು ಇದ್ದದ್ದು ಕೆಲವೇ ವಾರ. ಮನೆ ತುಂಬ ಜನ, ಭಾವೋದ್ವೇಗ, ಪ್ರಶ್ನೆಗಳು, ನಿದ್ರೆ ಬಾರದು. ಅದಕ್ಕೂ ಮಿಗಿಲಾಗಿ, ತನ್ನ ಹುಟ್ಟೂರಿನ ಚಳಿಯನ್ನು ಅವಳ ದೇಹ ತಾಳದಾಯಿತು. ಉಷ್ಣದೇಶ ಒಗ್ಗದೆಂದು ಬಂದವಳಿಗೆ ಈಗ ಜನ್ಮಭೂಮಿಯ ಹವೆಯೇ ಒಗ್ಗಲಿಲ್ಲ. ಚಳಿಗಾಲವನ್ನು ಕಳೆಯಲು ದಕ್ಷಿಣಕ್ಕೆ, ಬಾಲ್ಟಿಮೋರಿಗೆ, ವೈದ್ಯನಾಗಿದ್ದ ಮೈದುನ ಎಲ್ನಾಥನ್‌ನ ಬಳಿಗೆ ಹೋದಳು. ತಂದೆತಾಯಿಯರನ್ನು ಕಾಣಲು ಅರ್ಧ ಭೂಮಂಡಲವನ್ನು ಸುತ್ತಿ ಬಂದ ಮಗಳು ಅವರಿಂದ ದೂರವಿದ್ದು ಆ ಚಳಿಗಾಲವನ್ನು ಕಳೆದಳು.

ಅಲ್ಲಿ ಅವಳು ಮಾಡಿದ್ದು ಪುಸ್ತಕ ಬರೆಯುವುದನ್ನು. ಲಂಡನ್ನಿನಲ್ಲಿ ತನಗೆ ಆತಿಥ್ಯ ನೀಡಿದ್ದ ಪಾರ್ಲಿಮೆಂಟ್ ಸದಸ್ಯ ಜೋಸೆಫ್ ಬಟರ್‌ವರ್ತ್ ಅವರಿಗೆ ಬರೆದ ಪತ್ರಗಳ ರೂಪದಲ್ಲಿ ಬರ್ಮಾ ಪ್ರೇಷಿತಕಾರ್ಯದ ವೃತ್ತಾಂತವನ್ನು ರಚಿಸಿದಳು; 1823ರಲ್ಲಿ ಅದು ಪ್ರಕಟವಾಯಿತು. ಪೂರ್ವದೇಶಗಳ ಸ್ತ್ರೀಯರ ಸ್ಥಿತಿಯನ್ನು ಕುರಿತು ಅಮೆರಿಕದ ಸ್ತ್ರೀಯರಿಗೆ ಒಂದು ಮನವಿಯನ್ನೂ ಬರೆದಳು. ಇಲ್ಲಿ ಸ್ವಲ್ಪ ನಿಲ್ಲಬೇಕು. ಊರಿಗೆ ಬಂದ ಪ್ರೇಷಿತರು ಯಾರ ಬಳಿಗೆ ಹೋಗಿದ್ದರೋ ಆ ಜನರ ಬಗ್ಗೆ, ಹಣ ಕೊಡುವವರ ಮುಂದೆ ಮಾತನಾಡಬೇಕಾಗುತ್ತದೆ. ಕೇಳುವವರ ಮನ ಕರಗಬೇಕಾದರೆ ಕತ್ತಲೆಯನ್ನು ಇನ್ನಷ್ಟು ಕಪ್ಪಾಗಿ ಬಳಿಯುವ ಪ್ರಲೋಭನೆ ಸಹಜ. ಆ್ಯನ್ ಅದರಿಂದ ಪೂರ್ತಿ ಪಾರಾದಳೆಂದು ನಾನು ಹೇಳಲಾರೆ. ಅನಕ್ಷರತೆ, ದಾಸ್ಯ, ಅಜ್ಞಾನ ಎಂಬ ಪದಗಳು ಅವಳ ಮನವಿಯಲ್ಲಿ ಧಾರಾಳವಾಗಿವೆ. ಆದರೆ ಅದೇ ಮನವಿಯಲ್ಲಿ ಬರ್ಮೀಯ ಸ್ತ್ರೀಯರು ಚುರುಕಾದವರು, ಕುತೂಹಲಿಗಳು, ಗಟ್ಟಿ ಜೀವಗಳು, ಗೆಳೆತನಕ್ಕೂ ಗಾಢ ಪ್ರೀತಿಗೂ ಒಲಿಯುವವರು, ಯಾವ ಉನ್ನತ ವಿದ್ಯೆಗೂ ತಕ್ಕ ಬುದ್ಧಿಯುಳ್ಳವರು ಎಂದು ಬರೆಯುವುದನ್ನು ಅವಳು ಮರೆಯಲಿಲ್ಲ. ಈ ಮಾತುಗಳಿಂದ ಕಾಣಿಕೆಯ ಚೀಲಕ್ಕೆ ಒಂದು ಡಾಲರೂ ಹೆಚ್ಚು ಬೀಳುವಂತಿರಲಿಲ್ಲ. ನಮ್ಮಲ್ಲಿಯೂ ಹೊರನಾಡಿನ ಧರ್ಮಕ್ಷೇತ್ರಗಳಿಂದ ಬಂದು ಪೂಜೆಯ ನಂತರ ಐದು ನಿಮಿಷ ಮಾತನಾಡುವ ಗುರುಗಳುಂಟು. ಆ ಐದು ನಿಮಿಷಗಳಲ್ಲಿ ತಾವು ಸೇವೆ ಸಲ್ಲಿಸುವ ಜನರ ಒಂದಾದರೂ ಹಿರಿಮೆಯನ್ನು ಹೇಳುವವರನ್ನು ನಾನು ಎಣಿಸಿದ್ದೇನೆ. ಎಣಿಕೆ ಬೇಗ ಮುಗಿಯುತ್ತದೆ.

1823ರ ಜೂನಿನಲ್ಲಿ ಅವಳು ಬಾಸ್ಟನ್ನಿನಿಂದ ಮತ್ತೆ ಹಡಗು ಹತ್ತಿದಳು. ಪೂರ್ತಿ ಗುಣವಾಗಿರಲಿಲ್ಲ. ಒಂಬತ್ತು ತಿಂಗಳ ಭೇಟಿ ಅಲ್ಲಿಗೆ ಮುಗಿಯಿತು. ಆಮೇಲಿನ ಕಥೆ ಬಹು ಪರಿಚಿತ. ಡಿಸೆಂಬರಿನಲ್ಲಿ ರಂಗೂನ್, ಅಲ್ಲಿಂದ ಪತಿಯೊಡನೆ ರಾಜಧಾನಿ ಆವಾ, ಆಂಗ್ಲ-ಬರ್ಮಾ ಯುದ್ಧ, 1824ರ ಜೂನ್ 8ರಂದು ಪತಿಯ ಬಂಧನ. ಬರ್ಮೀಯರ ಕಣ್ಣಿಗೆ ಅಮೆರಿಕದವನೂ ಇಂಗ್ಲಿಷಿನವನೂ ಒಂದೇ. ದಿಂಬಿನೊಳಗೆ ಹೊಲಿದಿಟ್ಟ ಹೊಸ ಒಡಂಬಡಿಕೆಯ ಹಸ್ತಪ್ರತಿ, ಗರ್ಭಿಣಿಯಾದ ಆ್ಯನ್ ಅಧಿಕಾರಿಗಳ ಬಾಗಿಲಿಂದ ಬಾಗಿಲಿಗೆ ಅಲೆದದ್ದು, ಪತಿ ಸೆರೆಯಲ್ಲಿದ್ದಾಗ ಹುಟ್ಟಿದ ಮಗು ಮರಿಯಾಳನ್ನು ತಂದೆಗೆ ತೋರಿಸಿದ್ದು, ಇವನ್ನು ಭಾನುವಾರದ ಶಾಲೆಯ ಪುಸ್ತಕಗಳು ಸಾಕಷ್ಟು ಹೇಳಿವೆ. 1826ರ ಅಕ್ಟೋಬರ್ 24ರಂದು, ಜಡ್ಸನ್ ದೂರದ ಆವಾದಲ್ಲಿದ್ದಾಗ, ಆ್ಯನ್ ಅಮ್ಹರ್ಸ್ಟ್ ಎಂಬ ಹೊಸ ಊರಿನಲ್ಲಿ ತೀರಿಕೊಂಡಳು. ಆರು ತಿಂಗಳಿಗೆ ಮರಿಯಾಳೂ ಹೋದಳು.

ಜಡ್ಸನ್ 1834ರಲ್ಲಿ ಬೈಬಲ್ ಅನುವಾದವನ್ನು ಮುಗಿಸಿದರು. ಅದೇ ವರ್ಷ ಸಹಪ್ರೇಷಿತ ಜಾರ್ಜ್ ಬೋರ್ಡ್‌ಮನ್ ಅವರ ವಿಧವೆ ಸಾರಾಳನ್ನು ವಿವಾಹವಾದರು. ಸಾರಾಳ ಮೊದಲ ಮದುವೆಯ ಮಗನಿಗೂ ತಂದೆಯ ಹೆಸರೇ. ಆರು ವರ್ಷದ ಆ ಹುಡುಗನನ್ನು ವಿದ್ಯಾಭ್ಯಾಸಕ್ಕಾಗಿ ಅಮೆರಿಕಕ್ಕೆ ಕಳುಹಿಸಲಾಯಿತು. ಅವನನ್ನು ‘ಮನೆಗೆ’ ಕಳುಹಿಸಿದರೆಂದೇ ಆ ಕಾಲದ ಬರಹಗಳು ಹೇಳುತ್ತವೆ. ಬರ್ಮಾದಲ್ಲಿ ಹುಟ್ಟಿ, ಬರ್ಮಾವನ್ನಲ್ಲದೆ ಬೇರೇನನ್ನೂ ಕಾಣದ ಮಗುವಿಗೆ ಅಮೆರಿಕ ಯಾವ ಅರ್ಥದಲ್ಲಿ ಮನೆ? ತಾಯಿ ಮಗ ಮತ್ತೆ ಒಬ್ಬರನ್ನೊಬ್ಬರು ನೋಡಲಿಲ್ಲ. ಬ್ರಹ್ಮಚರ್ಯದ ವ್ರತ ಕೈಗೊಂಡ ನಾವು ತ್ಯಾಗದ ಲೆಕ್ಕವನ್ನು ನಮ್ಮ ಕಡೆಯೇ ಹೆಚ್ಚೆಂದು ಬರೆದುಕೊಳ್ಳುವುದುಂಟು. ಇತರ ಪ್ರೇಷಿತರಂತೆ, ಕೇಫನಂತೆ, ವಿಶ್ವಾಸಿಯಾದ ಪತ್ನಿಯನ್ನು ಜತೆಗೆ ಕರೆದೊಯ್ಯುವ ಹಕ್ಕು ತನಗೂ ಇದೆಯೆಂದು ಕೊರಿಂಥಿಯರಿಗೆ ಬರೆದ ಪೌಲ ಆ ಹಕ್ಕನ್ನು ಬಳಸಲಿಲ್ಲ. ನಾವು ಅವನ ಹಾದಿಯವರು. ಆದರೆ ಆ ಹಕ್ಕನ್ನು ಬಳಸಿದವರ ಪಾಲಿಗೆ ಬಂದದ್ದೇನೆಂಬುದನ್ನು ತಿಳಿದ ಮೇಲೆ ನಮ್ಮ ಲೆಕ್ಕದ ಪುಸ್ತಕವನ್ನು ಇನ್ನೊಮ್ಮೆ ತೆರೆಯುವುದು ಒಳ್ಳೆಯದು. ಬಂದರಿನಲ್ಲಿ ಆರು ವರ್ಷದ ಮಗುವಿನ ಕೈಬಿಡಿಸಿಕೊಳ್ಳುವ ಕಷ್ಟವನ್ನು ನಮ್ಮ ವ್ರತ ನಮ್ಮಿಂದ ಕೇಳುವುದಿಲ್ಲ.

1845ರಲ್ಲಿ ಸಾರಾ ಕಾಯಿಲೆಯಿಂದ ಹಾಸಿಗೆ ಹಿಡಿದಳು. ಸಮುದ್ರಪ್ರಯಾಣವೊಂದೇ ದಾರಿಯೆಂದಾಯಿತು. ಏಪ್ರಿಲ್ ಕೊನೆಯಲ್ಲಿ ದಂಪತಿಗಳು ಹಿರಿಯ ಮೂವರು ಮಕ್ಕಳೊಡನೆ ಮೌಲ್ಮೇನಿನಿಂದ ಹೊರಟರು. ಕಿರಿಯ ಮೂವರು, ಅವರಲ್ಲಿ ಕೆಲವೇ ತಿಂಗಳ ಹಸುಳೆ ಎಡ್ವರ್ಡ್, ಸಹಪ್ರೇಷಿತರ ಮನೆಗಳಲ್ಲಿ ಉಳಿದರು. ಜಡ್ಸನ್‌ರಿಗೆ ಆಗ ಕೈಯಲ್ಲಿದ್ದ ಕೆಲಸ ಬರ್ಮೀ ನಿಘಂಟು. ಅದು ನಿಲ್ಲಬಾರದೆಂದು ಇಬ್ಬರು ಬರ್ಮೀಯ ಸಹಾಯಕರನ್ನೂ ಹಡಗಿಗೆ ಹತ್ತಿಸಿಕೊಂಡಿದ್ದರು. ಮಾರಿಷಸ್ ದ್ವೀಪವನ್ನು ಮುಟ್ಟುವಷ್ಟರಲ್ಲಿ ಸಾರಾ ಚೇತರಿಸಿಕೊಂಡಂತೆ ಕಂಡಿತು. ಆಗ ಪತಿ ಪತ್ನಿಯರು ಮಾಡಿದ ನಿರ್ಣಯವನ್ನು ನೋಡಿ: ಅವಳು ಮಕ್ಕಳೊಡನೆ ಅಮೆರಿಕಕ್ಕೆ ಹೋಗುವುದು, ಅವರು ಅಲ್ಲಿಂದಲೇ ಹಿಂದಿರುಗಿ ನಿಘಂಟಿಗೆ ಕೂರುವುದು. ಮೂವತ್ತಮೂರು ವರ್ಷಗಳಿಂದ ಕಾಣದ ಊರು ಹತ್ತಿರವಾಗುತ್ತಿದ್ದರೂ ಹಿಂದಿರುಗಲು ಮನಸ್ಸು ಮಾಡಿದ್ದರು. ಸಹಾಯಕರನ್ನು ಮುಂದಾಗಿ ಕಳುಹಿಸಿಯೂ ಆಗಿತ್ತು. ಅಷ್ಟರಲ್ಲಿ ರೋಗ ಮರುಕಳಿಸಿತು; ಅವರು ಪ್ರಯಾಣವನ್ನು ಮುಂದುವರಿಸಬೇಕಾಯಿತು. ಸೆಪ್ಟೆಂಬರ್ 1ರಂದು ಸೇಂಟ್ ಹೆಲೆನಾ ದ್ವೀಪದ ಬಂದರಿನಲ್ಲಿ ಸಾರಾ ಕಣ್ಣುಮುಚ್ಚಿದಳು. ಅಂದೇ ಅಲ್ಲಿ ಮಣ್ಣು ಮಾಡಿ ಹಡಗು ಹೊರಟಿತು. ಮರುದಿನ ಬೆಳಗ್ಗೆ ದಿಗಂತದಲ್ಲಿ ದ್ವೀಪದ ಗುರುತೂ ಉಳಿದಿರಲಿಲ್ಲ. ಮೌಲ್ಮೇನಿನಲ್ಲಿ ಬಿಟ್ಟುಬಂದ ಮಕ್ಕಳಲ್ಲಿ ಒಬ್ಬನಾದ ಚಾರ್ಲ್ಸ್ ಆಗಸ್ಟಿನಲ್ಲಿಯೇ ತೀರಿಹೋಗಿದ್ದನೆಂಬುದು ತಂದೆಗೆ ತಿಳಿದದ್ದು ಅಮೆರಿಕವನ್ನು ತಲುಪಿದ ಮೇಲೆ.

ಅಕ್ಟೋಬರ್ 15ರಂದು ಬಾಸ್ಟನ್. ಐವತ್ತೇಳು ವರ್ಷದ ಮನುಷ್ಯನಿಗೆ ಆ ರಾತ್ರಿ ತಂಗಲು ಸ್ಥಳ ಎಲ್ಲಿ ಸಿಕ್ಕೀತೆಂಬ ಚಿಂತೆಯಿತ್ತಂತೆ. ತಂದೆ, ತಾಯಿ, ತಮ್ಮ ಎಲ್ನಾಥನ್ ಎಲ್ಲರೂ ತೀರಿಹೋಗಿದ್ದರು. ತಂಗಿಯೊಬ್ಬಳು ಮಾತ್ರ ಪ್ಲಿಮತ್ತಿನಲ್ಲಿದ್ದಳು. ಇಡೀ ನಗರವೇ ತಮ್ಮನ್ನು ಎದುರುಗೊಳ್ಳಲು ಕಾದಿದೆಯೆಂಬುದು ಅವರ ಕಲ್ಪನೆಗೂ ಬಂದಿರಲಿಲ್ಲ. ಕೆಲವು ದಿನಗಳಲ್ಲಿಯೇ ದೊಡ್ಡ ಸ್ವಾಗತ ಸಭೆ ನಡೆಯಿತು. ಗಂಟಲ ಬೇನೆಯಿಂದ ಅವರ ದನಿ ಪಿಸುಮಾತಿಗಿಂತ ಮೇಲೇಳದು. ಅವರು ಪಿಸುಗುಟ್ಟಿದ್ದನ್ನು ಬೇರೊಬ್ಬ ಬೋಧಕರು ಒಂದೊಂದು ವಾಕ್ಯವಾಗಿ ಸಭೆಗೆ ಗಟ್ಟಿಯಾಗಿ ಹೇಳಬೇಕಾಯಿತು. ಆ ಜನಸಂದಣಿಯನ್ನು ಸೀಳಿಕೊಂಡು ಮುದುಕನೊಬ್ಬ ಮುಂದೆ ಬಂದು ಅವರನ್ನು ಅಪ್ಪಿಕೊಂಡ. ಆತ ಸ್ಯಾಮುಯೆಲ್ ನಾಟ್. 1812ರಲ್ಲಿ ಒಟ್ಟಿಗೆ ದೀಕ್ಷೆ ಪಡೆದವರ ಪೈಕಿ ಉಳಿದಿದ್ದವರು ಅವರಿಬ್ಬರೇ.

ದನಿ ಹೋದದ್ದು ದೇಹದ ಕಾಯಿಲೆಯಿಂದ. ಮಾತು ಹೋದದ್ದು ಬೇರೆ ಕಾರಣದಿಂದ. ತಮ್ಮಿಂದ ಇಂಗ್ಲಿಷಿನಲ್ಲಿ ಭಾಷಣಗಳನ್ನು ನಿರೀಕ್ಷಿಸಬಾರದೆಂದು ಅವರು ಮಂಡಳಿಗೆ ಮೊದಲೇ ಬರೆದಿದ್ದರು. ಪರಭಾಷೆಯಲ್ಲಿ ಒಳ್ಳೆಯ ಬೋಧಕನಾಗಬೇಕೆಂದು ತಾವು ಸ್ವಂತ ಭಾಷೆಯನ್ನು ಬುದ್ಧಿಪೂರ್ವಕವಾಗಿ ತೊರೆದುದಾಗಿಯೂ, ಈಗ ಅದರಲ್ಲಿ ಮೂರು ವಾಕ್ಯಗಳನ್ನು ಜೋಡಿಸುವುದೂ ಕಷ್ಟವೆಂಬ ಅರ್ಥದಲ್ಲಿಯೂ ಹೇಳಿಕೊಂಡಿದ್ದರು. ಇದರಲ್ಲಿ ವಿನಯದ ಅತಿಶಯೋಕ್ತಿ ಇರಬಹುದು, ಏಕೆಂದರೆ ಅವರ ಇಂಗ್ಲಿಷ್ ಪತ್ರಗಳು ಕೊನೆಯವರೆಗೂ ಸ್ವಚ್ಛವಾಗಿವೆ. ಆದರೂ ಅದರ ಹಿಂದಿರುವ ಸತ್ಯ ನನಗೆ ಪರಕೀಯವಲ್ಲ. ಉನ್ನತ ವ್ಯಾಸಂಗಕ್ಕೆಂದು ಎರಡು ವರ್ಷ ಹೊರದೇಶದಲ್ಲಿದ್ದು ನಾನು ಮನೆಗೆ ಬಂದ ಮೊದಲ ದಿನ, ನನ್ನ ತಾಯಿ ಸಾರು ಬಡಿಸುತ್ತಾ ‘ಖಾರ ಆಯ್ತೇನಪ್ಪಾ?’ ಎಂದು ಕೇಳಿದರು. ಅದಕ್ಕೆ ಮುಂಚೆ ಅವರು ನನ್ನನ್ನು ಎಂದೂ ಹಾಗೆ ಕೇಳಿದವರಲ್ಲ. ಎರಡು ವರ್ಷಕ್ಕೇ ಹೀಗಾದರೆ ಮೂವತ್ತಮೂರು ವರ್ಷಕ್ಕೆ?

ಊರು ಅವರನ್ನು ಬಿಟ್ಟು ಬಹಳ ಮುಂದೆ ಹೋಗಿತ್ತು. ಅವರು ಹೊರಟಾಗ ಕುದುರೆಗಾಡಿ, ಈಗ ರೈಲು. ರೈಲಿನಲ್ಲಿ ಪತ್ರಿಕೆ ಮಾರುವ ಹುಡುಗನೊಬ್ಬ ಕೈಗೆ ಕೊಟ್ಟ ಹಾಳೆಯನ್ನು ಅವರು ಧನ್ಯವಾದ ಹೇಳಿ ಓದತೊಡಗಿದರಂತೆ. ಹುಡುಗ ಕದಲಲಿಲ್ಲ. ಪಕ್ಕದಲ್ಲಿದ್ದ ಮಹಿಳೆ, ಅವನು ಹಣಕ್ಕಾಗಿ ನಿಂತಿದ್ದಾನೆಂದು ತಿಳಿಸಿದಳು. ಬರ್ಮಾದಲ್ಲಿ ಇಷ್ಟು ಕಾಲ ಹಾಳೆಗಳನ್ನು ಪುಕ್ಕಟೆಯಾಗಿ ಹಂಚಿದ ತಮಗೆ ಅದು ಹೊಳೆಯಲೇ ಇಲ್ಲವೆಂದರಂತೆ. ನಗು ತರಿಸುವ ಈ ಪ್ರಸಂಗಕ್ಕಿಂತ ಗಂಭೀರವಾದ ಬದಲಾವಣೆಯೂ ಆಗಿತ್ತು. ಅವರು ಸಮುದ್ರದಲ್ಲಿದ್ದಾಗಲೇ, 1845ರ ಮೇ ತಿಂಗಳಲ್ಲಿ, ಗುಲಾಮರ ಒಡೆಯರು ಪ್ರೇಷಿತರಾಗಬಹುದೇ ಎಂಬ ಪ್ರಶ್ನೆಯ ಮೇಲೆ ಬ್ಯಾಪ್ಟಿಸ್ಟರು ಒಡೆದು, ದಕ್ಷಿಣದವರು ಪ್ರತ್ಯೇಕ ಒಕ್ಕೂಟವನ್ನು ಕಟ್ಟಿಕೊಂಡಿದ್ದರು. ಜಡ್ಸನ್‌ರನ್ನು ಬೆಂಬಲಿಸಲೆಂದೇ ಮೊದಲಿಗೆ ಒಂದಾಗಿದ್ದ ಸಭೆ, ಅವರು ಮನೆ ಸೇರುವ ಹೊತ್ತಿಗೆ ಎರಡಾಗಿತ್ತು. 1846ರ ಆರಂಭದಲ್ಲಿ ಅವರು ದಕ್ಷಿಣದ ರಿಚ್ಮಂಡ್ ನಗರಕ್ಕೂ ಹೋಗಿ ಎರಡೂ ಕಡೆಯವರ ಅತಿಥಿಯಾದರು. ಗುಲಾಮಗಿರಿಯ ಕುರಿತು ಅವರು ಅಲ್ಲಿ ಇನ್ನೂ ಗಟ್ಟಿಯಾಗಿ ಮಾತನಾಡಬೇಕಿತ್ತೆಂದು ನಾನು ಬಯಸುತ್ತೇನೆ. ಸೆರೆಮನೆಯ ಸಂಕೋಲೆಯ ಗಾಯಗಳನ್ನು ಮೈಮೇಲೆ ಹೊತ್ತಿದ್ದವರು ಅವರು.

ಜನರು ಕಾದಿದ್ದು ಆ ಸಂಕೋಲೆಯ ಕಥೆಗಾಗಿ. ಅವರೋ ಎದ್ದು ನಿಂತು ಕೆಲವೇ ನಿಮಿಷಗಳಲ್ಲಿ ಕ್ರಿಸ್ತರ ಪ್ರೀತಿಯ ಬಗ್ಗೆ ಸರಳವಾಗಿ ಹೇಳಿ ಕುಳಿತುಬಿಡುತ್ತಿದ್ದರು. ಇಷ್ಟು ದೂರದಿಂದ ಬಂದವರು ಹೊಸದೇನನ್ನಾದರೂ ಹೇಳಬಾರದಿತ್ತೇ ಎಂದು ಜನ ನಿರಾಶರಾದದ್ದು ಅವರ ಕಿವಿಗೂ ಬಿತ್ತು. ತಮಗೆ ಗೊತ್ತಿರುವ ಅತ್ಯುತ್ತಮ ಕಥೆಯನ್ನೇ ಹೇಳಿದೆನಲ್ಲ ಎಂಬುದು ಅವರ ಉತ್ತರವಾಗಿತ್ತು. ದೈವಶಾಸ್ತ್ರದ ದೃಷ್ಟಿಯಿಂದ ಉತ್ತರ ನಿರ್ದುಷ್ಟ. ಆದರೆ ಕಥೆಯನ್ನು ಕೇಳಬಯಸಿದ ಆ ರೈತರನ್ನೂ ನಾನು ತೆಗಳಲಾರೆ. ಅಂತಿಯೋಕ್ಯದ ಸಭೆ ಪೌಲ ಬಾರ್ನಬರಿಂದ ಕೇಳಿದ್ದೂ ನಡೆದ ಸಂಗತಿಗಳನ್ನೇ. ಕಳುಹಿಸಿದವರಿಗೆ ಲೆಕ್ಕ ಕೇಳುವ ಹಕ್ಕಿದೆ. ಜಡ್ಸನ್‌ರ ಮೌನದಲ್ಲಿ ವೈರಾಗ್ಯ ಎಷ್ಟು, ದಣಿವು ಎಷ್ಟು, ಆ್ಯನ್ ಮತ್ತು ಸಾರಾಳ ಹೆಸರನ್ನು ಎತ್ತಲಾಗದ ದುಃಖ ಎಷ್ಟು ಎಂದು ಬೇರ್ಪಡಿಸುವುದು ಯಾರಿಂದಲೂ ಆಗದು.

ಸಾರಾಳ ಜೀವನಚರಿತ್ರೆಯನ್ನು ಬರೆಯಬಲ್ಲ ಒಬ್ಬರಿಗಾಗಿ ಅವರು ಹುಡುಕುತ್ತಿದ್ದಾಗ ಪರಿಚಯವಾದವಳು ಎಮಿಲಿ ಚಬ್ಬಕ್. ‘ಫ್ಯಾನಿ ಫಾರೆಸ್ಟರ್’ ಎಂಬ ಕಾವ್ಯನಾಮದಿಂದ ಹೆಸರಾಗಿದ್ದ ಕಥೆಗಾರ್ತಿ. ಅವರಿಗಿಂತ ಸುಮಾರು ಮೂವತ್ತು ವರ್ಷ ಕಿರಿಯಳು. 1846ರ ಜೂನ್ 2ರಂದು ಇಬ್ಬರೂ ಮದುವೆಯಾದಾಗ ಸಾಹಿತ್ಯದ ವಲಯವೂ ಸಭೆಯ ವಲಯವೂ ಒಂದೇ ಸಮನೆ ಮೂಗುಮುರಿದವು. ಒಂದೂವರೆ ತಿಂಗಳೊಳಗೆ, ಜುಲೈ 11ರಂದು, ಅವರು ಬಾಸ್ಟನ್ನನ್ನು ಬಿಟ್ಟರು. ಹಿರಿಯ ಮೂವರು ಮಕ್ಕಳು ಅಮೆರಿಕದಲ್ಲಿ ಉಳಿದರು. ನವೆಂಬರ್ 30ರಂದು ಮೌಲ್ಮೇನ್ ತಲುಪಿದಾಗ ಮನೆಯಲ್ಲಿದ್ದದ್ದು ಹೆನ್ರಿ ಹಾಗೂ ಎಡ್ವರ್ಡ್. ನಿಘಂಟಿನ ಕೆಲಸ ಮರುಪ್ರಾರಂಭವಾಯಿತು. ಇಂಗ್ಲಿಷ್-ಬರ್ಮೀ ಭಾಗ 1849ರಲ್ಲಿ ಅಚ್ಚಾಯಿತು. ಇನ್ನೊಂದು ಭಾಗವನ್ನು ಬೇರೆಯವರು ಮುಗಿಸಬೇಕಾಯಿತು. (ನಮ್ಮ ಕಿಟೆಲರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದಾಗ ಅವರು ಜರ್ಮನಿಗೆ ಮರಳಿದ್ದರು. ನಿಘಂಟುಕಾರರಿಗೆ ಇಂಥ ವಿಧಿ ಹೊಸದಲ್ಲ.) ಆರೋಗ್ಯಕ್ಕಾಗಿ ಮತ್ತೊಮ್ಮೆ ಸಮುದ್ರಕ್ಕಿಳಿದ ಜಡ್ಸನ್ 1850ರ ಏಪ್ರಿಲ್ 12ರಂದು ಹಡಗಿನಲ್ಲಿಯೇ ತೀರಿಕೊಂಡರು. ಅವರ ದೇಹವನ್ನು ಕಡಲಿಗೆ ಒಪ್ಪಿಸಲಾಯಿತು. ಸುದ್ದಿ ಎಮಿಲಿಯನ್ನು ಮುಟ್ಟಲು ಸುಮಾರು ನಾಲ್ಕು ತಿಂಗಳು ಹಿಡಿಯಿತು.

1851ರಲ್ಲಿ ಎಮಿಲಿ ಮಕ್ಕಳೊಡನೆ ಅಮೆರಿಕಕ್ಕೆ ಹೋದಳು. ಮೌಲ್ಮೇನಿನಲ್ಲಿ ಹಸುಳೆಯಾಗಿ ಬಿಟ್ಟುಹೋಗಲ್ಪಟ್ಟಿದ್ದ ಎಡ್ವರ್ಡನಿಗೆ ಆಗ ಆರು ವರ್ಷ ದಾಟಿತ್ತು. ಅವನು ಬಾಸ್ಟನ್ನನ್ನು ಕಂಡದ್ದು ಅದೇ ಮೊದಲು. ದೊಡ್ಡವನಾಗಿ ಬೋಧಕನಾದ, 1883ರಲ್ಲಿ ತಂದೆಯ ಜೀವನಚರಿತ್ರೆಯನ್ನು ಪ್ರಕಟಿಸಿದ. ರೈಲಿನ ಪತ್ರಿಕೆಯ ಹುಡುಗನ ಪ್ರಸಂಗ ನಮಗೆ ಸಿಗುವುದು ಆ ಪುಸ್ತಕದಲ್ಲಿ. ತಂದೆ ತೀರಿಕೊಂಡಾಗ ಎಡ್ವರ್ಡನಿಗೆ ಐದೇ ವರ್ಷ. ಅದನ್ನು ಅವನಿಗೆ ಬೇರೆ ಯಾರೋ ಹೇಳಿರಬೇಕು.